ಜರ್ಮನಿಗೆ ಸಂಸಾರ ಸಮೇತ ಹೊರಟ್ರೆ ಓಡಾಟಕ್ಕೆ ಎಂತ ಮಾಡೋದು: ಟಿಕೆಟ್ಟಾ, ಸೈಕಲ್ಲಾ, ಬಾಡಿಗೆ ಕಾರಾ, ಸ್ವಂತ ಕಾರಾ?

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಕಡೆಯಿಂದ ಜರ್ಮನಿಗೆ ಬರೋರು ಈಗ ಕಡಿಮೆ ಏನಿಲ್ಲ. ಮೊದ್ಲು ಒಬ್ರು ಬಂದು ಕೆಲಸಕ್ಕೆ ಸೇರ್ಕೊಂಡು ಮನೆ ಹುಡುಕ್ತಾರೆ, ಆಮೇಲೆ ಮನೆಯವ್ರನ್ನ ಮಕ್ಕಳನ್ನ ಕರೆಸ್ಕೊಳ್ತಾರೆ, ಆ ಮಧ್ಯದ ಟೈಮಲ್ಲಿ ಊರಲ್ಲಿ ಕೂತ ಹೆಂಡ್ತಿಗೋ ಗಂಡನಿಗೋ ಶುರುವಾಗೋ ಚಿಂತೆ ಒಂದೇ, ಅಲ್ಲಿ ಕಾರ್ ಇಲ್ದೇ ಮಕ್ಕಳನ್ನ ಕಟ್ಕೊಂಡು ಓಡಾಡೋದು ಹೇಗೆ. ನಾನು ಶಿರಸಿ ಕಡೆಯವಳು, ಯಜಮಾನ್ರು ಕುಮಟಾದವರು, ಇರೋದು ಸ್ಟುಟ್‌ಗಾರ್ಟಲ್ಲಿ. ಮರ್ಸಿಡಿಸ್, ಪೋರ್ಷೆ ಎರಡೂ ಹುಟ್ಟಿದ ಊರು ಅದು, ಅಂಥ ಊರಲ್ಲಿದ್ದೂ ನಮ್ಮ ಹತ್ರ ಕಾರಿಲ್ಲ. ಊರಿಗೆ ಬಂದಾಗಲೆಲ್ಲ ದೊಡ್ಡಾಯಿ "ಇನ್ನೂ ಕಾರ್ ತಗಂಜಿಲ್ಯನಾ?" ಅಂತ ಕೇಳ್ತಾರೆ, ದುಡ್ಡಿಲ್ಲ ಅಂತ ಅಲ್ಲ ದೊಡ್ಡಾಯಿ ಅಂದ್ರೂ ನಂಬೋದಿಲ್ಲ. ಈ ಸಲ ಊರಲ್ಲಿದ್ದಾಗ ಹೊರಡೋಕೆ ತಯಾರಾದ ಎರಡ್ಮೂರು ಮನೆಯವ್ರು ಇದನ್ನೇ ಕೇಳಿದ್ರು, ಅದಕ್ಕೆ ಒಂದೇ ಕಡೆ ಬರೆದಿಡ್ತಿದೀನಿ. ಉದಾಹರಣೆ ಸ್ಟುಟ್‌ಗಾರ್ಟಿನದ್ದು, ಕಾನೂನು ಮತ್ತೆ ಟಿಕೆಟ್ಟಿನ ವಿಷಯ ಇಡೀ ಜರ್ಮನಿಗೆ ಹೆಚ್ಚುಕಮ್ಮಿ ಒಂದೇ.

ಗಾಡಿಗಿಂತ ಮುಂಚೆ ಮನೆ

ಎಲ್ಲರೂ ಬಸ್ ಒಳ್ಳೇದಾ ಸೈಕಲ್ ಒಳ್ಳೇದಾ ಅಂತ ಶುರು ಮಾಡ್ತಾರೆ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೇದು ಮನೆ ಎಲ್ಲಿ ಅನ್ನೋದು, ಮನೆ ಗೊತ್ತಾದ್ರೆ ಅರ್ಧ ಉತ್ತರ ತನ್ನಷ್ಟಕ್ಕೇ ಬರ್ತದೆ. ಎರಡು ಮನೆ ನೋಡಿದೀರಿ ಅಂತ ಇಟ್ಕೊಳ್ಳಿ. ಒಂದು ಊರೊಳಗೆ, ಸಣ್ಣದು, ಬಾಡಿಗೆ ಜಾಸ್ತಿ, ಆದ್ರೆ ಟ್ರಾಮ್ ಸ್ಟಾಪಿಗೆ ಐದು ನಿಮಿಷ, ಸೂಪರ್ ಮಾರ್ಕೆಟ್ಟಿಗೆ ಐದು ನಿಮಿಷ. ಇನ್ನೊಂದು ಹೊರಗಡೆ ಹಳ್ಳೀಲಿ, ದೊಡ್ಡದು, ಬಾಲ್ಕನಿ ಇದೆ, ಬಾಡಿಗೆ ಕಡಿಮೆ, ಬಸ್ಸು ಗಂಟೆಗೊಂದು, ಭಾನುವಾರ ಅದೂ ಇಲ್ಲ. ಎರಡನೇದನ್ನ ತಗೊಂಡ್ರೆ ಆರು ತಿಂಗಳಲ್ಲಿ ಕಾರ್ ತಗೋತೀರಿ, ಬಾಡಿಗೇಲಿ ಉಳಿದದ್ದು ಕಾರಿಗೆ ಹೋಗ್ತದೆ, ಮೇಲೆ ಇನ್ನಷ್ಟು ಹೋಗ್ತದೆ. ಇಷ್ಟು ಲೆಕ್ಕ ಮನೆ ಸಹಿ ಮಾಡೋ ಮುಂಚೆ ಮಾಡಿ, ಆಮೇಲೆ ಮಾಡಿ ಪ್ರಯೋಜನ ಇಲ್ಲ.

ಮನೆ ನೋಡೋಕೆ ಹೋದಾಗ ಅಡುಗೆಮನೆ ನೋಡಿದ ಹಾಗೇ ಸ್ಟಾಪಿನಲ್ಲಿ ಅಂಟಿಸಿರೋ ಟೈಮ್‌ಟೇಬಲ್ಲನ್ನೂ ನೋಡಿ. ವಾರದ ದಿನದ ಸಾಲು ಎಲ್ಲರೂ ನೋಡ್ತಾರೆ, ಭಾನುವಾರದ ಸಾಲು ಮತ್ತೆ ರಾತ್ರಿ ಎಂಟರ ಮೇಲಿನ ಸಾಲು ನೋಡಿ, ಊರಿನ ನಿಜ ಸ್ವರೂಪ ಅಲ್ಲಿರ್ತದೆ. ಮ್ಯಾಪನ್ನ ಪೂರ್ತಿ ನಂಬೋ ಹಾಗಿಲ್ಲ. ಸ್ಟುಟ್‌ಗಾರ್ಟ್ ಅನ್ನೋದು ಬೋಗುಣಿ ಥರದ ಊರು, ಪೇಟೆ ತಳದಲ್ಲಿ, ಮನೆಗಳೆಲ್ಲ ಸುತ್ತ ಗುಡ್ಡದ ಮೇಲೆ, ಮಧ್ಯೆ ಹತ್ತಿ ಇಳಿಯೋಕೆ ಹಳೇ ಕಾಲದ ಕಲ್ಲಿನ ಮೆಟ್ಟಿಲು ದಾರಿಗಳು 400ಕ್ಕೂ ಮೇಲೆ ಇದಾವೆ, ಅಲ್ಲಿಯವ್ರು ಶ್ಟೆಫೆಲೆ ಅಂತಾರೆ. ಮ್ಯಾಪಲ್ಲಿ ಸ್ಟಾಪಿಗೆ 300 ಮೀಟರ್ ಅಂತ ತೋರಿಸ್ತದೆ, ಹೋಗಿ ನೋಡಿದ್ರೆ ಅದ್ರಲ್ಲಿ ಮುಕ್ಕಾಲು ಭಾಗ ಮೆಟ್ಟಿಲು. ಮಗು ಕೂತ ಗಾಡಿ, ತೋಳಲ್ಲಿ ತರಕಾರಿ ಚೀಲ, ಎದುರಿಗೆ ಮೆಟ್ಟಿಲು. ಘಟ್ಟದ ಮೇಲಿನವ್ರಿಗೆ ಹತ್ತೋದು ಹೊಸದಲ್ಲ ಬಿಡಿ, ಆದ್ರೆ ಗಾಲಿ ಇದ್ದದ್ದನ್ನ ಹತ್ತಿಸೋದು ಬೇರೆ ವಿಷಯ.

ಇನ್ನೊಂದು, ಕಿಟಾ. ಅಂದ್ರೆ ಸ್ಕೂಲಿಗೆ ಮುಂಚಿನ ಮಕ್ಕಳ ಮನೆ. ಸೀಟು ಸಿಗೋದೇ ಕಷ್ಟ, ಸಿಕ್ಕಿದ ಕಡೆ ಹೋಗ್ಬೇಕು, ಗಂಡನ ಆಫೀಸು ತೆಂಕಿಗೆ ಅಂದ್ರೆ ಅದು ಬಡಗಿಗೆ ಇರ್ತದೆ. ದಿನಾ ಎರಡು ಸಲ ಹೋಗಿ ಬರೋ ದಾರಿ ಅದು, ಆಫೀಸಿಗಿಂತ ಹೆಚ್ಚು. ಹಾಗಾಗಿ ಓಡಾಟದ ಯೋಚನೆ ಮಾಡೋವಾಗ ಆಫೀಸನ್ನ ನಡುವೆ ಇಟ್ಕೋಬೇಡಿ, ಕಿಟಾನ ಇಟ್ಕೊಳ್ಳಿ. ಸ್ಕೂಲಿಗೆ ಹೋಗೋ ಮಕ್ಕಳಾದ್ರೆ ಈ ತಲೆಬಿಸಿ ಕಡಿಮೆ, ಪ್ರೈಮರಿ ಸ್ಕೂಲು ಸಾಮಾನ್ಯವಾಗಿ ನಡೆದು ಹೋಗೋ ದೂರದಲ್ಲೇ ಇರ್ತದೆ, ಒಂದನೇ ಎರಡನೇ ಕ್ಲಾಸಿನ ಮಕ್ಕಳು ಬ್ಯಾಗ್ ಹಾಕ್ಕೊಂಡು ತಾವೇ ಗುಂಪಾಗಿ ನಡ್ಕೊಂಡು ಹೋಗ್ತಾವೆ. ನಮ್ಮೂರಿನ ಹಾಗೆ ಓಮ್ನೀಲಿ ಹನ್ನೆರಡು ಮಕ್ಕಳನ್ನ ತುಂಬ್ಕೊಂಡು ಹೋಗೋ ಪದ್ಧತಿ ಇಲ್ಲ.

ಟಿಕೆಟ್: ಹೆಚ್ಚಿನವ್ರಿಗೆ ಇದೇ ಸಾಕು

ಡಾಯ್ಚ್‌ಲಾಂಡ್ ಟಿಕೆಟ್ ಅಂತ ಒಂದಿದೆ, 2023ರ ಮೇ ತಿಂಗಳಲ್ಲಿ 49 ಯೂರೋಕ್ಕೆ ಶುರುವಾಯ್ತು, 2025ರ ಜನವರಿಗೆ 58 ಆಯ್ತು, 2026ರ ಜನವರಿಯಿಂದ 63. ತಿಂಗಳಿಗೆ ಇಷ್ಟು ಕೊಟ್ರೆ ಇಡೀ ದೇಶದ ಲೋಕಲ್ ಬಸ್ಸು, ಟ್ರಾಮು, ಊ-ಬಾನ್ ಅಂದ್ರೆ ಊರೊಳಗಿನ ಮೆಟ್ರೋ, ಎಸ್-ಬಾನ್ ಅಂದ್ರೆ ಸುತ್ತಲಿನ ಊರಿಗೆ ಹೋಗೋ ಲೋಕಲ್ ರೈಲು, ಪ್ಯಾಸೆಂಜರ್ ರೈಲು ಎಲ್ಲ ನಿಮ್ದೇ. ಐಸಿಇ, ಐಸಿ ಥರದ ದೂರದ ಫಾಸ್ಟ್ ರೈಲಿಗೆ ನಡೆಯೋದಿಲ್ಲ. ಟಿಕೆಟ್ಟಲ್ಲಿ ಹೆಸರಿರ್ತದೆ, ಗಂಡನ ಟಿಕೆಟ್ಟಲ್ಲಿ ಹೆಂಡ್ತಿ ಹೋಗೋ ಹಾಗಿಲ್ಲ, ಚೆಕಿಂಗಿಗೆ ಬಂದವ್ರು ಯೂನಿಫಾರ್ಮ್ ಹಾಕಿರ್ಬೇಕು ಅಂತಿಲ್ಲ, ಜೀನ್ಸ್ ಹಾಕಿ ಪಕ್ಕದಲ್ಲೇ ಕೂತವ್ರು ಎದ್ದು ಕೇಳ್ತಾರೆ, ಟಿಕೆಟ್ ಇಲ್ಲಾಂದ್ರೆ 60 ಯೂರೋ ದಂಡ. ಹೊಸದಾಗಿ ಬಂದಿದೀವಿ ಗೊತ್ತಾಗಿಲ್ಲ ಅನ್ನೋ ಮಾತು ನಡೆಯೋದಿಲ್ಲ.

ಆರು ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಆರು ತುಂಬಿದ ಮೇಲೆ ಅಪ್ಪ ಅಮ್ಮನ ಟಿಕೆಟ್ಟಲ್ಲಿ ಬರೋಕಾಗಲ್ಲ, ಬೇರೆ ತಗೋಬೇಕು, ಇದನ್ನ ಸುಮಾರು ಜನ ಮರೀತಾರೆ. ಸ್ಕೂಲ್ ಮಕ್ಕಳಿಗೆ ಸ್ಟುಟ್‌ಗಾರ್ಟ್ ಇರೋ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಕಡಿಮೆ ರೇಟಿನ ಟಿಕೆಟ್ ಬೇರೆ ಇದೆ, ದಿನಾ ಬಸ್ಸು ಹತ್ತೋ ಮಗು ಆದ್ರೆ ಮಾತ್ರ ತಗೊಳ್ಳಿ, ನಡೆದು ಹೋಗೋ ಮಗುವಿಗೆ ಆಗಾಗ ಮಕ್ಕಳ ಟಿಕೆಟ್ ತಗೊಂಡ್ರೆ ಸಾಕು.

ಕೆಲಸಕ್ಕೆ ಹೋಗೋರು ಎಚ್‌ಆರ್ ಹತ್ರ ಜಾಬ್ ಟಿಕೆಟ್ ಕೇಳಿ. ಕಂಪನಿ 25% ಹಾಕಿದ್ರೆ ಮೇಲೆ ಇನ್ನೂ 5% ಕಡಿಮೆಯಾಗ್ತದೆ, 63 ಇದ್ದದ್ದು 44 ಯೂರೋ ಆಸುಪಾಸಿಗೆ ಬರ್ತದೆ. ಪೂರ್ತಿ ಕೊಡೋ ಕಂಪನಿಗಳೂ ಇದಾವೆ.

ಈಗ ಮನೇಲಿರೋ ಇನ್ನೊಬ್ರ ವಿಷಯ. ಲೆಕ್ಕ ಹಾಕಿದ್ರೆ ಸ್ಟುಟ್‌ಗಾರ್ಟ್ ಒಳಗೆ ಒಂದು ಸಲ ಹೋಗಿ ಬರೋಕೆ ಬಿಡಿ ಟಿಕೆಟ್ಟಲ್ಲಿ ಆರೇಳು ಯೂರೋ ಆಗ್ತದೆ, ತಿಂಗಳಿಗೆ ಹತ್ತು ದಿನಕ್ಕಿಂತ ಜಾಸ್ತಿ ಹೊರಗೆ ಹೋಗೋದಿದ್ರೆ ತಿಂಗಳ ಟಿಕೆಟ್ಟೇ ಲಾಭ, ಕಡಿಮೆ ಇದ್ರೆ ಬಿಡಿ ಟಿಕೆಟ್. ಲೆಕ್ಕ ಸರಿ. ಆದ್ರೂ ನಾನು ಹೇಳೋದು, ಮೊದಲ ಚಳಿಗಾಲ ಮುಗಿಯೋ ತನಕ ಇಬ್ರಿಗೂ ಟಿಕೆಟ್ ಇರ್ಲಿ. ನಾಲ್ಕೂವರೆಗೆ ಕತ್ತಲಾಗೋ ಡಿಸೆಂಬರಲ್ಲಿ, ಭಾಷೆ ಬರ್ದೇ, ಮನೇಲಿ ಮಗುವಿನ ಜೊತೆ ಒಬ್ಬಳೇ ಕೂತಾಗ, ಹೊರಗೆ ಹೆಜ್ಜೆ ಇಟ್ರೆ ಏಳು ಯೂರೋ ಅಂತ ತಲೇಲಿದ್ರೆ ಯಾರೂ ಹೊರಗೆ ಹೋಗೋದಿಲ್ಲ. 2023ರ ಜೂನಿಂದ ಕರ್ನಾಟಕದಲ್ಲಿ ಹೆಂಗಸ್ರಿಗೆ ಸರ್ಕಾರಿ ಬಸ್ಸು ಫ್ರೀ ಆದ್ಮೇಲೆ ನಮ್ಮ ಕಡೆ ಎಷ್ಟು ಜನ ಸುಮ್ನೆ ಒಂದ್ಸಲ ಗೋಕರ್ಣಕ್ಕೆ, ಧರ್ಮಸ್ಥಳಕ್ಕೆ ಹೋಗಿ ಬಂದ್ರು ನೋಡಿ, ಕೈಯಲ್ಲಿ ಟಿಕೆಟ್ ಇದ್ರೆ ಕಾಲು ತಾನೇ ಏಳ್ತದೆ. ಗಂಡಂದಿರು ಇಲ್ಲಿ ಉಳಿತಾಯದ ಬುದ್ಧಿ ತೋರಿಸ್ಬೇಡಿ.

ಮಕ್ಕಳ ಗಾಡಿ ತಳ್ಕೊಂಡು ಬಸ್ ಹತ್ತೋದು ಹೇಗೆ ಅಂತ ಹೇಳಿಬಿಡ್ತೀನಿ, ಮೊದಲ ದಿನ ಎಲ್ಲರೂ ಹೆದರೋದು ಇದಕ್ಕೇ. ಮುಂದಿನ ಬಾಗಿಲಿಗೆ ಹೋಗ್ಬೇಡಿ, ನಡುವಿನ ಬಾಗಿಲಿಗೆ ಹೋಗಿ. ಬಾಗಿಲ ಹತ್ರ ಮಗುವಿನ ಗಾಡಿ ಚಿತ್ರ ಇರೋ ಬಟನ್ ಇರ್ತದೆ, ಅದನ್ನ ಒತ್ತಿದ್ರೆ ಡ್ರೈವರಿಗೆ ಗೊತ್ತಾಗ್ತದೆ, ಬಾಗಿಲು ಬೇಗ ಮುಚ್ಚೋದಿಲ್ಲ, ಬೇಕಾದ್ರೆ ಬಸ್ಸನ್ನ ಆ ಕಡೆಗೆ ಸ್ವಲ್ಪ ವಾಲಿಸ್ತಾರೆ. ಒಳಗೆ ಖಾಲಿ ಜಾಗ ಬಿಟ್ಟಿರ್ತಾರೆ, ಅಲ್ಲಿ ಗಾಡಿ ನಿಲ್ಲಿಸಿ ಬ್ರೇಕ್ ಹಾಕಿ, ಒಂದು ಕೈ ಅದರ ಮೇಲೇ ಇರ್ಲಿ. ಇಳಿಯೋವಾಗ ಮತ್ತೆ ಚಿತ್ರದ ಬಟನ್ನೇ ಒತ್ತಿ. ವೀಲ್‌ಚೇರ್ ಬಂದ್ರೆ ಜಾಗ ಅವ್ರಿಗೆ. ಎರಡು ಗಾಡಿ ಆಗ್ಲೇ ನಿಂತಿದ್ರೆ ಮುಂದಿನ ಬಸ್ಸಿಗೆ ಕಾಯೋದು, ಹತ್ತಿ ಜಗ್ಗಾಡೋದು ಬೇಡ. ರೈಲು ಸ್ಟೇಷನ್ನಲ್ಲಿ ಲಿಫ್ಟ್ ಕೆಟ್ಟಿದ್ಯಾ ಅಂತ ಹೊರಡೋ ಮುಂಚೆ ಫೋನಲ್ಲಿ ನೋಡ್ಕೊಳ್ಳಿ. ಸ್ಟುಟ್‌ಗಾರ್ಟಿನ ಮುಖ್ಯ ಸ್ಟೇಷನ್ ಅಂತೂ 2010ರಿಂದ ಕಟ್ತಾನೇ ಇದಾರೆ, ದಾರಿ ಸುತ್ತು ಬಳಸು, ರೈಲು ಬದಲಾಯಿಸೋಕೆ ಮ್ಯಾಪ್ ತೋರಿಸೋದಕ್ಕಿಂತ ಹತ್ತು ನಿಮಿಷ ಜಾಸ್ತಿ ಇಟ್ಕೊಳ್ಳಿ.

ರೈಲು ಟೈಮಿಗೆ ಬರ್ತದಾ? ಲೋಕಲ್ ಪರವಾಗಿಲ್ಲ. ದೂರದ್ದು ಜರ್ಮನಿ ಹೆಸರಿಗೆ ತಕ್ಕ ಹಾಗಿಲ್ಲ, 2024ರಲ್ಲಿ ಡಾಯ್ಚ ಬಾನ್ ಅನ್ನೋ ಅಲ್ಲಿಯ ರೈಲು ಕಂಪನಿಯ ದೂರದ ರೈಲುಗಳಲ್ಲಿ ಟೈಮಿಗೆ ಬಂದದ್ದು 62.5% ಅಷ್ಟೇ, ಅದೂ ಆರು ನಿಮಿಷದ ಒಳಗಿನ ಲೇಟನ್ನ ಲೆಕ್ಕಕ್ಕೆ ಹಿಡೀದೇ. ಏರ್‌ಪೋರ್ಟಿಗೆ ಹೋಗೋದಾದ್ರೆ ಒಂದು ರೈಲು ಮುಂಚಿನದ್ದು ಹಿಡೀರಿ.

ಸೈಕಲ್: ಊರು ನೋಡಿ, ಆಮೇಲೆ ನೆಲಮಾಳಿಗೆ ನೋಡಿ

ಮ್ಯುನ್‌ಸ್ಟರ್, ಫ್ರೈಬುರ್ಗ್, ಕಾರ್ಲ್ಸ್‌ರೂಹ ಥರದ ಊರಿಗೆ ಹೋಗೋರು ಟಿಕೆಟ್ಟಿಗಿಂತ ಮುಂಚೆ ಸೈಕಲ್ ಯೋಚನೆ ಮಾಡಿ, ಅಲ್ಲಿ ಸೈಕಲ್ಲೇ ರಾಜ. ಸ್ಟುಟ್‌ಗಾರ್ಟ್, ವುಪ್ಪರ್ಟಾಲ್ ಥರ ಗುಡ್ಡದ ಊರಾದ್ರೆ ಬ್ಯಾಟರಿ ಸೈಕಲ್ ಇಲ್ದೇ ಮಗುವನ್ನ ಕೂರಿಸ್ಕೊಂಡು ಹತ್ತೋದು ಬಾಯಿಮಾತಿಗಷ್ಟೇ. ಸ್ಟುಟ್‌ಗಾರ್ಟಲ್ಲಿ ಮರೀನ್‌ಪ್ಲಾಟ್ಸಿಂದ ಡೇಗರ್ಲೋಖ್ ಗುಡ್ಡಕ್ಕೆ ಓಡೋ, 1884ರಲ್ಲೇ ಶುರುವಾದ ಹಲ್ಲಿನ ಹಳಿಯ ರೈಲಿದೆ, ತ್ಸಾಕೆ ಅಂತಾರೆ, ಅದರ ಮುಂದೆ ಸೈಕಲ್ ಇಡೋಕೇ ಒಂದು ಗಾಡಿ ಸೇರಿಸಿರ್ತಾರೆ, ಜನ ಸೈಕಲ್ಲನ್ನ ಅದ್ರಲ್ಲಿಟ್ಟು ತಾವು ಒಳಗೆ ಕೂತು ಹತ್ತಿ, ಬರೋವಾಗ ಇಳಿಜಾರಲ್ಲಿ ತುಳೀದೇ ಬರ್ತಾರೆ. ಆದ್ರೆ ಎಲ್ಲ ಗುಡ್ಡಕ್ಕೂ ಅಂಥ ರೈಲಿಲ್ಲ ನೋಡಿ. ಬ್ಯಾಟರಿ ಸೈಕಲ್ಲಿಗೆ, ಮೋಟರ್ 250 ವ್ಯಾಟ್ ಒಳಗಿದ್ದು 25 ಕಿ.ಮೀ. ಸ್ಪೀಡಿಗೆ ಸಹಾಯ ನಿಲ್ಲಿಸೋ ಥರದ್ದಾದ್ರೆ, ಲೈಸನ್ಸ್ ಬೇಡ ನಂಬರ್ ಪ್ಲೇಟ್ ಬೇಡ.

ಮಕ್ಕಳನ್ನ ಕರ್ಕೊಂಡು ಹೋಗೋಕೆ ಮೂರು ದಾರಿ. ಹಿಂದಿನ ಸೀಟು, ಇದು ಅಗ್ಗ, ಒಂದೇ ಮಗು. ಹಿಂದೆ ಕಟ್ಟೋ ಟ್ರೈಲರ್, ಎರಡು ಮಕ್ಕಳು ಕೂರ್ತಾವೆ, ಮಳೆ ಒಳಗೆ ಬರೋದಿಲ್ಲ, ಬೇಡ ಅಂದಾಗ ಬಿಚ್ಚಿ ಇಡಬಹುದು, ಹೆಚ್ಚಿನದ್ದನ್ನ ತಳ್ಳೋ ಗಾಡಿಯಾಗಿಯೂ ಬಳಸ್ಬಹುದು. ಮೂರನೇದು ಮುಂದೆ ಪೆಟ್ಟಿಗೆ ಇರೋ ಕಾರ್ಗೋ ಬೈಕ್, ಮಕ್ಕಳು ಎದುರಿಗೇ ಕಾಣ್ತಾವೆ, ಅಕ್ಕಿ ಚೀಲನೂ ಹಿಡೀತದೆ, ಬ್ಯಾಟರಿಯದ್ದಾದ್ರೆ ಸಾವಿರಗಟ್ಟಲೆ ಯೂರೋ. ನನಗೆ ಕೇಳಿದ್ರೆ ಟ್ರೈಲರ್. ಕಾರ್ಗೋ ಬೈಕ್ ನೋಡೋಕೆ ಚಂದ, ಆದ್ರೆ ಅದನ್ನ ಇಡೋದೆಲ್ಲಿ? ಅಪಾರ್ಟ್‌ಮೆಂಟಲ್ಲಿ ಸೈಕಲ್ ಇಡೋ ಜಾಗ ನೆಲಮಾಳಿಗೆಲಿರ್ತದೆ, ಕೆಳಗೆ ಹೋಗೋಕೆ ಕಿರಿದಾದ ಮೆಟ್ಟಿಲು, ನಲವತ್ತು ಕೆ.ಜಿ. ಗಾಡಿನ ದಿನಾ ಎತ್ತಿ ಇಳಿಸೋರು ಯಾರು, ರಸ್ತೇಲಿ ಬಿಟ್ರೆ ಕದ್ಕೊಂಡು ಹೋಗ್ತಾರೆ. ನೆಲಮಟ್ಟದಲ್ಲಿ ಬೀಗ ಹಾಕೋ ಜಾಗ ಇದ್ರೆ ಮಾತ್ರ ಕಾರ್ಗೋ ಬೈಕ್ ಯೋಚನೆ ಮಾಡಿ. ಕೆಲವು ಊರಿನ ನಗರಸಭೆ ಸಹಾಯಧನ ಕೊಡ್ತಾವೆ, ಸಾಮಾನ್ಯವಾಗಿ ಅರ್ಜಿ ಮೊದ್ಲು ಹಾಕ್ಬೇಕು, ಗಾಡಿ ಆಮೇಲೆ.

ಕಂಪನಿ ಮೂಲಕ ಲೀಸಿಗೆ ಸೈಕಲ್ ಕೊಡ್ತಾರೆ, ಸಂಬಳದಲ್ಲೇ ಹಿಡೀತಾರೆ, ಟ್ಯಾಕ್ಸ್ ಉಳೀತದೆ. ಒಳ್ಳೇದೇ, ಆದ್ರೆ ಲೀಸು ಹೆಚ್ಚಾಗಿ 36 ತಿಂಗಳದ್ದು. ಎರಡು ವರ್ಷದ ಕಾಂಟ್ರಾಕ್ಟಲ್ಲಿ ಬಂದವ್ರು, ಕೆಲಸ ಬದಲಾಯಿಸೋ ಅಂದಾಜಿರೋರು ಸಹಿ ಮಾಡೋ ಮುಂಚೆ ಮಧ್ಯದಲ್ಲಿ ಬಿಟ್ರೆ ಎಂತಾಗ್ತದೆ ಅಂತ ಕೇಳಿ. ಇಲ್ಲಾಂದ್ರೆ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಮಕ್ಕಳ ಸೈಕಲ್ಲಂತೂ ಹೊಸದು ತಗೊಳ್ಳೋದೇ ದಂಡ, ವರ್ಷಕ್ಕೊಂದು ಸೈಜ್ ಬದಲಾಗ್ತದೆ.

ಕಾನೂನು ಸ್ವಲ್ಪ ಗೊತ್ತಿರ್ಲಿ. ಸೈಕಲ್ ಸೀಟಲ್ಲಿ ಅಥವಾ ಟ್ರೈಲರಲ್ಲಿ ಮಕ್ಕಳನ್ನ ಏಳು ವರ್ಷ ತುಂಬೋ ತನಕ ಕೂರಿಸ್ಬಹುದು, ಓಡಿಸೋರಿಗೆ ಕನಿಷ್ಠ 16 ಆಗಿರ್ಬೇಕು. ತಾವೇ ಓಡಿಸೋ ಮಕ್ಕಳು ಎಂಟು ತುಂಬೋ ತನಕ ಫುಟ್‌ಪಾತ್ ಮೇಲೆ ಹೋಗ್ಬೇಕು, ಹತ್ತು ತುಂಬೋ ತನಕ ಹೋಗ್ಬಹುದು, ಎಂಟರ ಒಳಗಿನ ಮಗುವಿನ ಜೊತೆ ದೊಡ್ಡವ್ರು ಒಬ್ರು ಫುಟ್‌ಪಾತಲ್ಲೇ ಓಡಿಸ್ಬಹುದು. ನಾಲ್ಕನೇ ಕ್ಲಾಸಲ್ಲಿ ಪೊಲೀಸ್ರು ಬಂದು ಸೈಕಲ್ ಟ್ರೇನಿಂಗ್ ಕೊಟ್ಟು ಪರೀಕ್ಷೆನೂ ಮಾಡ್ತಾರೆ, ಮಕ್ಕಳಿಗೆ ಅದು ದೊಡ್ಡ ಸಂಭ್ರಮ. ಲೈಟ್ ಕಡ್ಡಾಯ, ಹೆಲ್ಮೆಟ್ ಕಡ್ಡಾಯ ಅಲ್ಲ, ಹಾಕಿ ಅಂತ ನಾನು ಹೇಳ್ಬೇಕಾಗಿಲ್ಲ. ಚೂಡಿದಾರದವ್ರು ಪೂರ್ತಿ ಚೈನ್ ಕವರ್ ಇರೋ ಸೈಕಲ್ಲೇ ತಗೊಳ್ಳಿ, ವೇಲ್ ಮನೇಲಿಟ್ಟು ಹೊರಡಿ.

ಬಾಡಿಗೆ ಕಾರು, ಟ್ಯಾಕ್ಸಿ: ಕಾರು ಬೇಕಾಗೋ ಆ ನಾಲ್ಕು ದಿನಕ್ಕೆ

ಕಾರ್ ಶೇರಿಂಗ್ ಅಂದ್ರೆ ಮನೆ ಹತ್ರದ ಪಾರ್ಕಿಂಗಲ್ಲಿ ನಿಂತಿರೋ ಕಾರನ್ನ ಫೋನಲ್ಲಿ ಬುಕ್ ಮಾಡಿ ಗಂಟೆ ಲೆಕ್ಕದಲ್ಲಿ ಓಡಿಸಿ ವಾಪಸ್ ಅಲ್ಲೇ ತಂದು ಬಿಡೋದು. ಸ್ಟುಟ್‌ಗಾರ್ಟಲ್ಲಿ ಸ್ಟಟ್‌ಮೊಬೀಲ್ ಅಂಥದ್ದು. ಗಂಟೆಗಿಷ್ಟು, ಕಿಲೋಮೀಟರಿಗಿಷ್ಟು, ಪೆಟ್ರೋಲ್ ಅದ್ರಲ್ಲೇ ಸೇರಿರ್ತದೆ. ರಸ್ತೇಲಿ ಎಲ್ಲಿ ಬೇಕಾದ್ರೂ ಬಿಟ್ಟು ಹೋಗೋ ಥರದ ಕಾರುಗಳೂ ಇದಾವೆ, ಅವು ಒಬ್ಬೊಬ್ರೇ ಓಡಾಡೋರಿಗೆ ಸರಿ, ಸಂಸಾರಸ್ಥರಿಗೆ ಮೊದಲನೇ ಥರದ್ದೇ ಒಳ್ಳೇದು, ಶನಿವಾರ ಹತ್ತಕ್ಕೆ ಕಾರು ಅಂದ್ರೆ ಹತ್ತಕ್ಕೆ ಅಲ್ಲಿರ್ತದೆ.

ಇಲ್ಲಿ ಲೈಸನ್ಸ್ ವಿಷಯ ಬರ್ತದೆ, ಗಮನ ಇಟ್ಟು ಓದಿ. ಇಂಡಿಯಾ ಲೈಸನ್ಸು ಜರ್ಮನೀಲಿ ವಾಸ ಶುರು ಮಾಡಿದ ದಿನದಿಂದ 6 ತಿಂಗಳು ಮಾತ್ರ ನಡೀತದೆ. ಅದ್ರ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ ಅಥವಾ ಜರ್ಮನ್ ಅನುವಾದ ಇರ್ಬೇಕು. ಆರು ತಿಂಗಳ ಮೇಲೆ ಸುಮ್ನೆ ಬದಲಾಯಿಸಿ ಕೊಡೋದಿಲ್ಲ, ಥಿಯರಿ ಮತ್ತೆ ರಸ್ತೆ ಪರೀಕ್ಷೆ ಎರಡೂ ಪಾಸಾಗ್ಬೇಕು. ಥಿಯರಿ ಇಂಗ್ಲಿಷಲ್ಲಿ ಬರೀಬಹುದು, ರಸ್ತೆ ಪರೀಕ್ಷೇಲಿ ಮಾತೆಲ್ಲ ಜರ್ಮನ್ನಲ್ಲೇ. ನಿಮ್ಗೆ ಹಳೇ ಲೈಸನ್ಸ್ ಇರೋದ್ರಿಂದ ಇಷ್ಟೇ ಕ್ಲಾಸ್ ಕಡ್ಡಾಯ ಅಂತಿಲ್ಲ, ಆದ್ರೂ ಡ್ರೈವಿಂಗ್ ಸ್ಕೂಲ್ ಮೂಲಕವೇ ಹೋಗ್ಬೇಕು, ಮತ್ತೆ ಬಲಗಡೆ ಓಡಿಸೋದು, ಸೈನ್ ಇಲ್ಲದ ಕ್ರಾಸಲ್ಲಿ ಬಲಗಡೆಯಿಂದ ಬಂದವ್ರಿಗೆ ದಾರಿ ಬಿಡೋದು, ತಿರುಗೋವಾಗ ಭುಜದ ಮೇಲಿಂದ ಹಿಂದೆ ಸೈಕಲ್ ನೋಡೋದು, ಇದೆಲ್ಲ ಕೈಗೆ ಹತ್ತೋಕೆ ಕ್ಲಾಸ್ ಬೇಕೇ ಬೇಕು. ದೇವಿಮನೆ ಘಾಟಿ ಮಳೇಲಿ ಇಳಿಸಿದೀನಿ ಅನ್ನೋ ಧೈರ್ಯ ಅಲ್ಲಿ ಲೆಕ್ಕಕ್ಕೆ ಬರೋದಿಲ್ಲ.

ಹಾಗಾಗಿ ನನ್ನ ಸಲಹೆ, ಮೊದಲ ಆರು ತಿಂಗಳು ಲೈಸನ್ಸ್ ನಡೆಯೋವಾಗ್ಲೇ ಕಾರು ಬೇಕಾಗೋ ಕೆಲಸ ಎಲ್ಲ ಮುಗಿಸ್ಕೊಳ್ಳಿ. ಮಂಚ, ಕಪಾಟು, ಸೆಕೆಂಡ್ ಹ್ಯಾಂಡ್ ವಾಷಿಂಗ್ ಮಷೀನು, ಇವನ್ನೆಲ್ಲ ತರೋಕೆ ಒಂದು ದಿನ ವ್ಯಾನ್ ಬಾಡಿಗೆಗೆ ತಗೊಂಡು ಒಟ್ಟಿಗೇ ತನ್ನಿ. ಕಾರ್ ಶೇರಿಂಗಲ್ಲಿ ಎಲ್ಲ ಕಂಪನಿಯೂ ಇಂಡಿಯಾ ಲೈಸನ್ಸ್ ತಗೊಳ್ಳೋದಿಲ್ಲ, ಫೀಸ್ ಕಟ್ಟೋ ಮುಂಚೆ ಕೇಳಿ.

ಮಕ್ಕಳ ಸೀಟು ಮರೀಬೇಡಿ. ಹನ್ನೆರಡು ವರ್ಷದ ಒಳಗಿದ್ದು 150 ಸೆಂ.ಮೀ.ಗಿಂತ ಗಿಡ್ಡ ಇರೋ ಮಗುವಿಗೆ ಕಾರಲ್ಲಿ ಅದಕ್ಕೆ ತಕ್ಕ ಸೀಟು ಇರ್ಲೇಬೇಕು, ತೊಡೆ ಮೇಲೆ ಕೂರಿಸ್ಕೊಳ್ಳೋ ಮಾತೇ ಇಲ್ಲ. ಟ್ಯಾಕ್ಸಿಗೂ ಇದೇ, ಫೋನ್ ಮಾಡೋವಾಗ್ಲೇ ಮಗುವಿನ ವಯಸ್ಸು ಹೇಳಿ ಸೀಟ್ ಕೇಳಿ, ಸಣ್ಣ ಕೂಸಿನ ಸೀಟು ಎಲ್ಲ ಟ್ಯಾಕ್ಸೀಲಿ ಇರೋದಿಲ್ಲ. ಬಸ್ಸಿಗೆ, ಟ್ರಾಮಿಗೆ ಈ ರಗಳೆ ಇಲ್ಲ, ಸಣ್ಣ ಮಕ್ಕಳಿರೋರಿಗೆ ಬಸ್ಸು ಸಲೀಸು ಅನ್ಸೋದು ಇದಕ್ಕೇ.

ರಾತ್ರಿ ಮಗುವಿಗೆ ಜ್ವರ ಬಂದ್ರೆ? ಎಲ್ಲರ ಹೆದರಿಕೆ ಇದೇ, ಕಾರ್ ತಗೊಳ್ಳೋಕೆ ಎಲ್ಲರೂ ಕೊಡೋ ಕಾರಣವೂ ಇದೇ. ಜೀವಕ್ಕೆ ಅಪಾಯ ಅನ್ಸಿದ್ರೆ 112, ಆಂಬುಲೆನ್ಸ್ ಬರ್ತದೆ. ಅಷ್ಟಿಲ್ಲ ಆದ್ರೆ ಡಾಕ್ಟ್ರು ಬೇಕು ಅಂದ್ರೆ 116117ಕ್ಕೆ ಫೋನ್ ಮಾಡಿ, ಯಾವ ಕ್ಲಿನಿಕ್ ತೆರೆದಿದೆ ಹೇಳ್ತಾರೆ, ಟ್ಯಾಕ್ಸೀಲಿ ಹೋಗಿ. ವರ್ಷಕ್ಕೆ ನಾಲ್ಕೈದು ಸಲ ಆ ಟ್ಯಾಕ್ಸಿಗೆ ಕೊಡೋ ದುಡ್ಡು ಕಾರಿನ ಒಂದು ತಿಂಗಳ ಖರ್ಚಿಗೆ ಸಮ ಆಗೋದಿಲ್ಲ.

ಸ್ವಂತ ಕಾರು: ಯಾರಿಗೆ ಬೇಕು

ಬೇಡ ಅಂತ ನಾನು ಹೇಳೋದಿಲ್ಲ. ಹಳ್ಳೀಲಿ ಮನೆ ಆಗಿದ್ರೆ, ರಾತ್ರಿ ಶಿಫ್ಟ್ ಇದ್ದು ರೈಲು ನಿಂತ ಮೇಲೆ ಮನೆಗೆ ಬರೋ ಕೆಲಸ ಆದ್ರೆ, ನಡೆಯೋಕೆ ಕಷ್ಟ ಇರೋರು ಮನೇಲಿದ್ರೆ, ಸುಮ್ನೆ ಹಠ ಬೇಡ, ಕಾರು ತಗೊಳ್ಳಿ. ಇಬ್ರೂ ಬೇರೆ ಬೇರೆ ದಿಕ್ಕಿಗೆ ದೂರ ಕೆಲಸಕ್ಕೆ ಹೋಗಿ ಕಿಟಾ ಮೂರನೇ ದಿಕ್ಕಿಗಿದ್ರೂ ಅಷ್ಟೇ.

ಖರ್ಚು ಮಾತ್ರ ಪೂರ್ತಿ ಬರ್ಕೊಳ್ಳಿ. ಕಾರಿನ ಬೆಲೆ ಇಳಿಯೋದು, ಇನ್ಶೂರೆನ್ಸ್, ಟ್ಯಾಕ್ಸ್, ಬಾಡಿಗೆ ಪಾರ್ಕಿಂಗ್, ಚಳಿಗಾಲದ ಟೈರ್, ಎರಡು ವರ್ಷಕ್ಕೊಮ್ಮೆ ಟ್ಯುಫ್ ಅನ್ನೋ ಗಾಡಿ ಸುರಕ್ಷತೆ ಚೆಕಿಂಗ್, ಪೆಟ್ರೋಲು, ಎಲ್ಲ ಸೇರಿ ಸಣ್ಣ ಹೊಸ ಕಾರಿಗೂ ತಿಂಗಳಿಗೆ 400 ಯೂರೋ ದಾಟ್ತದೆ. ಇಬ್ರ ಡಾಯ್ಚ್‌ಲಾಂಡ್ ಟಿಕೆಟ್ 126. ಇನ್ಶೂರೆನ್ಸ್ ಹೊಸಬರಿಗೆ ದುಬಾರಿ ಕ್ಲಾಸಿಂದ ಶುರುವಾಗ್ತದೆ, ಊರಲ್ಲಿ ಇಪ್ಪತ್ತು ವರ್ಷ ಆಕ್ಸಿಡೆಂಟ್ ಇಲ್ದೇ ಓಡಿಸಿದ್ದು ಹೆಚ್ಚಿನ ಕಡೆ ಲೆಕ್ಕಕ್ಕಿಲ್ಲ. ಸ್ಟುಟ್‌ಗಾರ್ಟ್ ಒಳಗೆ ಬರೋಕೆ ಹೊಗೆ ಕಡಿಮೆ ಅಂತ ತೋರಿಸೋ ಹಸಿರು ಸ್ಟಿಕ್ಕರ್ ಬೇಕು, 2019ರಿಂದ ಯೂರೋ 4 ಅನ್ನೋ ಹೊಗೆ ದರ್ಜೆಯ ಮತ್ತು ಅದಕ್ಕಿಂತ ಹಳೇ ಡೀಸೆಲ್ ಕಾರಿಗೆ ಪ್ರವೇಶ ಇಲ್ಲ, ಅಗ್ಗಕ್ಕೆ ಸಿಕ್ತು ಅಂತ ಹಳೇ ಡೀಸೆಲ್ ತಗೊಂಡು ಬಿಟ್ಟೀರಿ.

ಕಾರು ಬೇಕೇ ಅನ್ಸಿದ್ರೂ ಒಂದು ಚಳಿಗಾಲ ಕಳೀಲಿ. ಆ ಹೊತ್ತಿಗೆ ಕಿಟಾ ಎಲ್ಲಿ ಗೊತ್ತಾಗಿರ್ತದೆ, ಮನೆ ಬದಲಾಯಿಸ್ತೀರೋ ಇಲ್ವೋ ಗೊತ್ತಾಗಿರ್ತದೆ, ಕೆಲಸ ನಿಲ್ತದೋ ಇಲ್ವೋ ಅದೂ.

ಸಾಮಾನು ತರೋದು, ಆಯಿ ಅಪ್ಪಯ್ಯ ಬರೋದು

ದಿನಸಿಗೆ ಗಾಲಿ ಇರೋ ಎಳೆಯೋ ಚೀಲ ತಗೊಳ್ಳಿ, ಅಜ್ಜಿಯರು ಎಳೆಯೋದು ಅಂತ ನಾಚಿಕೆ ಬೇಡ. ಭಾನುವಾರ ಅಂಗಡಿ ಬಾಗಿಲು, ಶನಿವಾರ ಸಂಜೆ ಎಲ್ಲರೂ ಅಲ್ಲೇ, ಅದಕ್ಕೆ ವಾರದ ಮಧ್ಯೆ ಸ್ವಲ್ಪ ಸ್ವಲ್ಪ ತಂದ್ಕೊಳ್ಳಿ. ಭಾರದ್ದು, ಅಂದ್ರೆ ನೀರಿನ ಬಾಟಲಿ, ಹಾಲು, ಡೈಪರು, ಇವನ್ನ ಮನೆಗೆ ತಂದು ಕೊಡೋ ಸೂಪರ್ ಮಾರ್ಕೆಟ್ಟುಗಳಿದಾವೆ. ಹತ್ತು ಕೆ.ಜಿ. ಅಕ್ಕಿ ಚೀಲ, ಬೇಳೆ, ಫ್ರೀಜರಿನ ಕಾಯಿತುರಿ ಇಂಡಿಯನ್ ಅಂಗಡಿಯಿಂದ ಆನ್‌ಲೈನಲ್ಲೇ ತರಿಸ್ಬಹುದು, ಕಾಯಿತುರಿ ಮಾತ್ರ ಬೇಸಿಗೇಲಿ ಬೇಡ.

ಊರಿಂದ ಆಯಿ ಅಪ್ಪಯ್ಯ ಮೂರು ತಿಂಗಳಿಗೆ ಬಂದಾಗ ಅವ್ರಿಗೂ ತಿಂಗಳ ಟಿಕೆಟ್ ಮಾಡಿಸ್ಬೇಕಾ? ಅವ್ರು ತಾವೇ ಓಡಾಡೋದಾದ್ರೆ ಮಾಡ್ಸಿ. ವಾರಕ್ಕೊಂದ್ಸಲ ನಿಮ್ಮ ಜೊತೆ ಹೊರಗೆ ಬರೋದಾದ್ರೆ ಗುಂಪಿನ ಡೇ ಟಿಕೆಟ್ ಸಾಕು, ಐದು ಜನರ ತನಕ ಒಂದೇ ಟಿಕೆಟ್ಟಲ್ಲಿ ಹೋಗ್ಬಹುದು. ದೂರ ಹೋಗೋಕೆ ಬಾಡೆನ್-ವ್ಯುರ್ಟೆಂಬೆರ್ಗ್ ಟಿಕೆಟ್ ಅಂತ ಇಡೀ ರಾಜ್ಯದ್ದು ಒಂದಿದೆ, ಅದೂ ಐದು ಜನರ ತನಕ, ವಾರದ ದಿನ ಬೆಳಿಗ್ಗೆ ಒಂಬತ್ತರ ಮೇಲೆ. ಮೆಟ್ಟಿಲು ಕಡಿಮೆ ಇರೋ ದಾರಿ ಹುಡುಕಿ, ಟೈಮ್ ಜಾಸ್ತಿ ಆದ್ರೂ ಆಗ್ಲಿ. ಅಪ್ಪಯ್ಯನಿಗೆ ಟ್ರಾಮಲ್ಲಿ ಕೂತು ಊರು ನೋಡೋದೇ ಖುಷಿ, ಶಿರಸಿಗೆ ಇವತ್ತಿಗೂ ರೈಲಿಲ್ಲ, ರೈಲು ಹತ್ತೋಕೆ ತಾಳಗುಪ್ಪ, ಹಾವೇರಿ, ಕುಮಟಾ ಅಂತ ಹೋಗ್ಬೇಕು, ಇಲ್ಲಿ ಮನೆ ಎದುರಿಗೇ ಹಳಿ ಅಂತ ಅವ್ರ ಆಶ್ಚರ್ಯ.

ಹೊರಡೋ ಮುಂಚೆ ಊರಲ್ಲೇ ಮಾಡ್ಕೊಳ್ಳೋದು

ಇಂಟರ್‌ನ್ಯಾಷನಲ್ ಪರ್ಮಿಟ್ ನಿಮ್ಮ ಲೈಸನ್ಸಿನ ಆರ್‌ಟಿಓದಲ್ಲೇ ಮಾಡಿಸಿ, ಶಿರಸಿಯವ್ರಿಗೆ ಕೆಎ-31, ಕಾರವಾರದವ್ರಿಗೆ ಕೆಎ-30, ಹೊನ್ನಾವರದವ್ರಿಗೆ ಕೆಎ-47. ವೀಸಾ ಕೈಗೆ ಬಂದ್ಮೇಲೆ ಮಾಡಿ, ಅದ್ರ ಅವಧಿ ಒಂದು ವರ್ಷ, ಬೇಗ ಮಾಡಿಸಿಟ್ರೆ ಊರಲ್ಲೇ ದಿನ ಕಳೀತದೆ. ಸೈಕಲ್ ಬಿಟ್ಟು ಹದಿನೈದು ವರ್ಷ ಆದವ್ರು ಮಕ್ಕಳ ಸೈಕಲ್ ತಗೊಂಡಾದ್ರೂ ಹತ್ತಿರದ ಹೈಸ್ಕೂಲ್ ಗ್ರೌಂಡಲ್ಲಿ ಬೆಳಿಗ್ಗೆ ನಾಲ್ಕು ಸುತ್ತು ಹಾಕಿ, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈ ತೋರಿಸೋದನ್ನ ಕಲೀರಿ, ಅಲ್ಲಿ ತಿರುಗೋವಾಗ ಕೈ ತೋರಿಸ್ಲೇಬೇಕು. ಮಳೆ ಕೋಟು ಪ್ಯಾಂಟು ಒಟ್ಟಿಗಿರೋದು ತಗೊಂಡು ಹೋಗಿ, ನಮ್ಮ ಘಟ್ಟದ ಮಳೆಗೆ ತಡೆಯೋದು ಅಲ್ಲಿಯದಕ್ಕೆ ಬೇಕಾದಷ್ಟಾಯ್ತು. ಮಕ್ಕಳ ಗಾಡಿ, ಕಾರ್ ಸೀಟು ಊರಿಂದ ಹೊತ್ಕೊಂಡು ಹೋಗ್ಬೇಡಿ, ಕಾರ್ ಸೀಟು ಅಲ್ಲಿಯ ಸುರಕ್ಷತೆ ಮಾರ್ಕಿನದ್ದೇ ಬೇಕು.

ಕೊನೇದಾಗಿ ರಜೆ. ಸ್ಕೂಲ್ ಮಕ್ಕಳಿದ್ರೆ ನಡುವೆ ರಜೆ ಹಾಕ್ಸಿ ಊರಿಗೆ ಹೋಗೋಕೆ ಬಿಡೋದಿಲ್ಲ, ಸ್ಟುಟ್‌ಗಾರ್ಟ್ ಕಡೆ ದೊಡ್ಡ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಎರಡನೇ ವಾರದ ಆಸುಪಾಸಿನ ತನಕ, ಚೌತಿ ಆ ಒಳಗೆ ಬಿದ್ದ ವರ್ಷ ಪುಣ್ಯ. ಡಾಯ್ಚ್‌ಲಾಂಡ್ ಟಿಕೆಟ್ ತಾನೇ ತಾನೇ ಮುಂದುವರೀತಾ ಇರ್ತದೆ, ತಿಂಗಳ 10ನೇ ತಾರೀಕಿನ ಒಳಗೆ ಕ್ಯಾನ್ಸಲ್ ಮಾಡಿದ್ರೆ ಆ ತಿಂಗಳ ಕೊನೆಗೆ ನಿಲ್ತದೆ. ಆಗಸ್ಟ್ ಪೂರ್ತಿ ಊರಲ್ಲಿರೋರು ಜುಲೈ 10ರ ಒಳಗೇ ನಿಲ್ಲಿಸಿ, ವಾಪಸ್ ಬಂದ್ಮೇಲೆ ಸೆಪ್ಟೆಂಬರಿಗೆ ಹೊಸದಾಗಿ ಶುರು ಮಾಡಿ. ಬೆಂಗಳೂರಿಗೆ ನೇರ ವಿಮಾನ ಫ್ರಾಂಕ್‌ಫರ್ಟಿಂದ, ಮ್ಯೂನಿಕ್ಕಿಂದ ಇದೆ, ಅಲ್ಲಿಯ ತನಕ ರೈಲಲ್ಲಿ ಹೋಗೋದಾದ್ರೆ ಐಸಿಇ ಟಿಕೆಟ್ ತಗೊಳ್ಳೋವಾಗ 6ರಿಂದ 14 ವರ್ಷದ ಮಕ್ಕಳ ಹೆಸರನ್ನ ದೊಡ್ಡವ್ರ ಟಿಕೆಟ್ಟಲ್ಲೇ ಸೇರಿಸಿ, ಅವ್ರಿಗೆ ದುಡ್ಡಿಲ್ಲ, ಸೀಟು ಮಾತ್ರ ಬೇರೆ ರಿಸರ್ವ್ ಮಾಡ್ಬೇಕು. ಪೆಟ್ಟಿಗೆ ಆರಕ್ಕಿಂತ ಜಾಸ್ತಿ ಇದ್ರೆ ಮನೆಯಿಂದ ಸ್ಟೇಷನ್ನಿಗೆ ಟ್ಯಾಕ್ಸೀನೇ ಸರಿ, ದೊಡ್ಡ ಗಾಡಿ ಬೇಕು ಅಂತ ಹಿಂದಿನ ದಿನವೇ ಹೇಳಿಡಿ.